ಬೂದಿಯಲ್ಲಿ ನೀರಿನ ಜಾಡು

ಚಿನ್ನದ ಗಣಿಯ ಮೊದಲ ಪಾಳಿಯ ಕೂಗು ಇನ್ನೂ ಕೇಳಿಲ್ಲ. ಆಂಡರ್ಸನ್‌ಪೇಟೆಯ ಅಂಚಿನ ತಗಡಿನ ಕೊಟ್ಟಿಗೆಯಲ್ಲಿ ಕದಿರಪ್ಪ ಒಲೆಯ ಬೂದಿಯನ್ನು ಹಳೆಯ ಪಂಚೆಯಲ್ಲಿ ಸೋಸುತ್ತಿದ್ದಾರೆ. ಎದುರಿಗೆ ಎಂಜಿನ್ನಿನ ಮುಚ್ಚಳ ತೆಗೆದ ಕಾರು. ಈಗಷ್ಟೇ ಓಡಿಸಿ ನಿಲ್ಲಿಸಿದ ಎಂಜಿನ್ ಬಿಸಿಯಾಗಿದೆ. ದೇವರಿಗೆ ವಿಭೂತಿ ಹಚ್ಚುವಷ್ಟೇ ನಿಧಾನವಾಗಿ ಅದರ ಮೈಗೆಲ್ಲ ಬೂದಿ ಉದುರಿಸಿ, ಕುಕ್ಕರಗಾಲಲ್ಲಿ ಕುಳಿತು ಕಾಯುತ್ತಾರೆ. ನೀರು ಎಲ್ಲಿ ಒಸರುತ್ತದೋ ಅಲ್ಲಿ ಬೂದಿ ಕಪ್ಪಾಗಬೇಕು.

"ನೀರು ಕಳ್ಳ ಸ್ವಾಮಿ," ಎನ್ನುತ್ತಾರೆ ಕಣ್ಣು ತೆಗೆಯದೆ, ಪತ್ರಿಕೆಯಿಂದ ಬಂದ ನನಗೆ. "ಒಂದ್ಕಡೆ ಉಟ್ಟಿ ಇನ್ನೊಂದ್ಕಡೆ ತೊಟ್ಟಿಕ್ತದೆ. ತೊಟ್ಟಿಕ್ಕೋ ಜಾಗಕ್ಕೆ ಬೆಸುಗೆ ಆಕೋನು ದಡ್ಡ. ಉಟ್ಟಿದ ಜಾಗ ಉಡುಕಬೇಕು."

ಒಳಗಿನಿಂದ ಹೆಂಡತಿ ಮುನಿಗಂಗಮ್ಮನ ದನಿ ಬರುತ್ತದೆ: "ಪಾತ್ರೆ ಬೆಳಗಾಕೆ ಒಂದಿಡಿ ಬೂದಿ ಉಳಿಸಿಲ್ಲ. ಆ ಕಬ್ಬಿಣಕ್ಕೆ ಮಾತ್ರ ಮೈ ತುಂಬ ವಿಭೂತಿ!"

"ಅದು ವ್ರತ ಇಡ್ದೈತೆ ಕಣೇ!"

ಬಾಗಿಲ ಬಳಿ ನಿಂತ ಅಶ್ವತ್ಥಪ್ಪ ನಗುವುದಿಲ್ಲ. ಕಾರು ಅವರದು. ಬಂಗಾರಪೇಟೆಯ ಆಚೆಯ ಹಳ್ಳಿಯ ಬೇಸಾಯಗಾರರು. ತನ್ನ ದೇಶಕ್ಕೆ ಹೊರಟ ಬಿಳಿಯ ದೊರೆಯೊಬ್ಬರಿಂದ ಇದನ್ನು ಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಎರಡು ವರ್ಷದ ಹಿಂದೆ ಮಗಳು ವೆಂಕಟರತ್ನಮ್ಮನಿಗೆ ಹೆರಿಗೆ ನೋವು ಬಂದಾಗ ಈ ಕಾರಲ್ಲೇ ಇತ್ತ ಕಡೆಯ ಆಸ್ಪತ್ರೆಗೆ ಹೊರಟರು. ನಡುದಾರಿಯ ಹುಣಸೆಮರದ ಏರಿನಲ್ಲಿ ಕಾರು ಹಬೆ ಕಾರಿ ನಿಂತಿತು. ಎತ್ತಿನ ಗಾಡಿ ಸಿಕ್ಕಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಉಳಿದಿರಲಿಲ್ಲ. ತಾಯಿ ಉಳಿದಳು. ಅಂದಿನಿಂದ ಕಾರು ದನದ ಕೊಟ್ಟಿಗೆಯಲ್ಲಿ ನಿಂತು, ಅದರ ಸೀಟಿನ ಮೇಲೆ ಕೋಳಿಗಳು ಮೊಟ್ಟೆಯಿಟ್ಟವು. ಈಗ ರತ್ನಮ್ಮನಿಗೆ ಮತ್ತೆ ದಿನ ತುಂಬುತ್ತಿದೆ. ಹತ್ತು ದಿನ ಉಳಿದಿದೆ ಎಂದು ಸೂಲಗಿತ್ತಿ ಹೇಳಿದ್ದಾಳೆ. ಎತ್ತು ಕಟ್ಟಿ ಕಾರನ್ನು ಇಲ್ಲಿಗೆ ಎಳೆದು ತಂದಿದ್ದಾರೆ.

ಕದಿರಪ್ಪನವರಿಗೆ ಐವತ್ತೆರಡು. ಹನ್ನೆರಡನೆಯ ವಯಸ್ಸಿಗೆ ಉರಿಗಾಂ ಗಣಿಯ ಪಂಪಿನ ಮನೆಗೆ ಸೇರಿದವರು. ಭೂಮಿಯ ಹೊಟ್ಟೆಯಿಂದ ನೀರೆತ್ತುವ ಕೊಳವೆಗಳ ಜೊತೆ ಇಪ್ಪತ್ತು ವರ್ಷ ಬಾಳಿದರು. ಒಂದು ದಿನ ಸುರಂಗದಲ್ಲಿ ಬಂಡೆ ಸಿಡಿದು ಎಡಗಿವಿ ಹೋಯಿತು. ಬಲಗಿವಿಯೂ ಅರ್ಧ ಮಂಕಾಯಿತು. ಆಮೇಲೆ ಕಾರು ರಿಪೇರಿಗೆ ಇಳಿದು, ಹಲ್ಲಿನಿಂದ ಕೇಳುವುದನ್ನು ಕಲಿತರು. ಉದ್ದನೆಯ ಕಬ್ಬಿಣದ ಸರಳಿನ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಾರೆ. ಒಳಗಿನ ಸದ್ದು ದವಡೆಯೊಳಗೇ ಮಾತಾಡುತ್ತದಂತೆ.

ಮೂರು ದಿನದಲ್ಲಿ ಮೂರು ಸೋರಿಕೆ ಸಿಕ್ಕಿವೆ. ಮುಂದಿನ ನೀರಿನ ಪೆಟ್ಟಿಗೆಯ ಅಂಚಿನಲ್ಲೊಂದು, ರಬ್ಬರ್ ಕೊಳವೆಯಲ್ಲೊಂದು, ಪಂಪಿನ ಕುತ್ತಿಗೆಯಲ್ಲೊಂದು. ಮೂರನ್ನೂ ಮುಚ್ಚಿಯಾಗಿದೆ. ಇಂದು ಬೂದಿ ಎಲ್ಲೂ ಕಪ್ಪಾಗಿಲ್ಲ, ನೆಲದ ಮೇಲೆ ಒಂದು ಹನಿಯೂ ಇಲ್ಲ. ಕದಿರಪ್ಪ ಗುರುತು ಕೊರೆದ ಬಿದಿರ ಕಡ್ಡಿಯನ್ನು ನೀರಿನ ಪೆಟ್ಟಿಗೆಗೆ ಇಳಿಸಿ ಎತ್ತುತ್ತಾರೆ. ನೀರು ಒಂದು ಬೆರಳು ಇಳಿದಿದೆ.

"ಒಂದು ಬೆರಳು ತಾನೆ ಕದಿರಪ್ಪ? ಒಂದು ಬಿಂದಿಗೆ ನೀರು ಜೊತೆಗಿಟ್ಕೊಂಡ್ ಓದ್ರಾಯ್ತು," ಎನ್ನುತ್ತಾರೆ ಅಶ್ವತ್ಥಪ್ಪ. ಯುದ್ಧಕಾಲದ ಕೂಪನ್ನಿಗೆ ಸಿಕ್ಕ ಪೆಟ್ರೋಲು ಇನ್ನು ಎರಡೇ ಸಲ ಓಡಾಡುವಷ್ಟಿದೆ.

"ಎಲ್ಲಿಗೋಯ್ತು ಅನ್ನೋದು ಗೊತ್ತಾಗ್ದೆ ನಾ ಬಿಡಲ್ಲಣ್ಣ. ಒರಗೆ ಬರ್ದಿರೋ ನೀರು ಒಳಗೇ ಓಗ್ತೈತೆ."

ಎಂಜಿನ್ನೊಳಗೆ ಕಿಡಿ ಹೊತ್ತಿಸುವ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ ಗೋಣಿಯ ಮೇಲೆ ಸಾಲಾಗಿ ಇಡುತ್ತಾರೆ. ಮೂರು ಒಲೆಯ ಬಾಯಿಯಂತೆ ಕಪ್ಪಗಿವೆ. ಮೂರನೆಯ ಸಿಲಿಂಡರಿನದು ಮಾತ್ರ ನೀರೆರೆಸಿಕೊಂಡು ಬಂದ ಕೂಸಿನ ಹಾಗೆ ಬೆಳ್ಳಗಿದೆ. ನೀರು ಬೆಂಕಿಯೊಳಗೆ ಹೊಕ್ಕು, ಹಬೆಯಾಗಿ ಅದನ್ನು ತೊಳೆದಿದೆ. ಕದಿರಪ್ಪ ಅದನ್ನು ಬಹಳ ಹೊತ್ತು ನೋಡುತ್ತಾರೆ. ಸಿಕ್ಕಿತೆಂಬ ಗೆಲುವು ಆ ಮುಖದಲ್ಲಿಲ್ಲ.

ಎಂಜಿನ್ನಿನ ತಲೆಯನ್ನು ಎತ್ತಿಳಿಸುವಾಗ ಬಿಸಿಲು ಏರಿದೆ. ನೀರನ್ನೂ ಬೆಂಕಿಯನ್ನೂ ಬೇರೆಯಾಗಿಡುವ ತೆಳ್ಳನೆಯ ತಾಮ್ರದ ತಗಡು, ಗ್ಯಾಸ್ಕೆಟ್ಟು, ಮೂರನೆಯ ಸಿಲಿಂಡರಿನ ಬಳಿ ಸುಟ್ಟುಹೋಗಿದೆ. ಪಕ್ಕದ ನೀರಿನ ತೂತಿನಲ್ಲಿ ಏನೋ ಗಟ್ಟಿಯಾಗಿ ಕೂತಿದೆ. ಕದಿರಪ್ಪ ತಂತಿಯಿಂದ ಕೆದಕಿ ತೆಗೆಯುತ್ತಾರೆ: ಇಟ್ಟಿಗೆಯ ಚೂರಿನಂಥ ಕಂದು ಉಂಡೆ. ಉಗುಳು ಹಚ್ಚಿ ಉಜ್ಜಿ ಮೂಸುತ್ತಾರೆ. ಅಶ್ವತ್ಥಪ್ಪ ಬೆನ್ನು ತಿರುಗಿಸಿ ರಸ್ತೆ ನೋಡುತ್ತಿದ್ದಾರೆ. ಆ ಉಂಡೆಯನ್ನು ಬೂದಿಗುಡ್ಡೆಗೆ ಎಸೆದರೆ ಶಿವನೊಬ್ಬನ ಹೊರತು ಇನ್ನಾರಿಗೂ ತಿಳಿಯುವುದಿಲ್ಲ.

"ಅಣ್ಣಾ, ಇಲ್ಲಿ ಬಾ," ಎಂದು ಕರೆಯುತ್ತಾರೆ ಕದಿರಪ್ಪ. ಅಂಗೈ ಚಾಚಿದ್ದಾರೆ. "ಇದು ರಾಗಿ ಇಟ್ಟು. ಆಕಿದೋನು ನಾನು."

ಈ ಸೀಮೆಯ ಡ್ರೈವರುಗಳೆಲ್ಲ ಬಲ್ಲ ಉಪಾಯವಿದು. ನೀರು ಸೋರಿದರೆ ಪೆಟ್ಟಿಗೆಗೆ ಒಂದು ಹಿಡಿ ರಾಗಿ ಹಿಟ್ಟು ಹಾಕುವುದು. ಹಿಟ್ಟು ಬಿಸಿನೀರಲ್ಲಿ ಬೆಂದು ಉಬ್ಬಿ ತೂತು ಮುಚ್ಚುತ್ತದೆ. ಆ ಹೆರಿಗೆಯ ಹಿಂದಿನ ದಿನ ಅಶ್ವತ್ಥಪ್ಪ ಸೋರುವ ಕಾರು ತಂದಿದ್ದರು. ಕದಿರಪ್ಪ ಒಂದು ಹಿಡಿ ಸಾಲದೆಂದು ಎರಡು ಹಿಡಿ ಹಾಕಿ ಕಳಿಸಿದರು. ಹಿಟ್ಟು ಸೋರುವ ತೂತನ್ನೂ ಮುಚ್ಚಿತು, ನೀರು ಹರಿಯುವ ದಾರಿಯನ್ನೂ ಮುಚ್ಚಿತು. ನೀರು ತಲುಪದ ಕಡೆ ಕಬ್ಬಿಣ ಕಾದು ತಗಡು ಸುಟ್ಟಿತು. ಊರವರು ಹಣೆಬರಹ ಎಂದರು. ಎರಡು ವರ್ಷ ಅನುಮಾನವನ್ನು ಒಳಗಿಟ್ಟುಕೊಂಡಿದ್ದವರು ಕದಿರಪ್ಪ ಒಬ್ಬರೇ.

ಅಶ್ವತ್ಥಪ್ಪ ಉಂಡೆಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಅದನ್ನು ಪಂಚೆಯ ತುದಿಗೆ ಕಟ್ಟಿಕೊಂಡು ನಡೆದುಬಿಡುತ್ತಾರೆ, ಮಾರಿಕುಪ್ಪಂನಿಂದ ಬರುವ ಮಧ್ಯಾಹ್ನದ ರೈಲಿಗೆ.

"ನಾಳೆ ಎತ್ತು ತಂದು ಎಳ್ಕೊಂಡ್ ಓಗ್ತಾರೆ," ಎನ್ನುತ್ತಾಳೆ ಮುನಿಗಂಗಮ್ಮ ಮುದ್ದೆ ಬಡಿಸುತ್ತ. ಗಂಡ ಮುದ್ದೆ ಮುರಿಯುವುದಿಲ್ಲ, ತಟ್ಟೆ ನೋಡುತ್ತಾರೆ. ಆಮೇಲೆ ಎದ್ದು ಸಂಜೆಯವರೆಗೂ ಎಂಜಿನ್ನಿನ ದಾರಿಗಳನ್ನು ಸೋಡಾಪುಡಿ ಬೆರೆಸಿದ ಕುದಿನೀರಿನಿಂದ ತೊಳೆಯುತ್ತಾರೆ. ಹದಿನಾಲ್ಕು ಬಿಂದಿಗೆ. ಕೊನೆಯ ನೀರು ಕುಡಿಯುವ ನೀರಿನಷ್ಟು ತಿಳಿಯಾಗಿದೆ. ಆದರೆ ಹೊಸ ತಗಡು ಎಲ್ಲಿಂದ? ಯುದ್ಧ ಶುರುವಾದ ಮೇಲೆ ಮದರಾಸಿನಿಂದ ಬಿಡಿಭಾಗ ಬರುವುದು ನಿಂತಿದೆ.

ಮರುದಿನ ಬೆಳಿಗ್ಗೆ ಮೊದಲ ಪಾಳಿಯ ಕೂಗಿನ ಜೊತೆಗೇ ಅಶ್ವತ್ಥಪ್ಪ ಬರುತ್ತಾರೆ. ಎತ್ತುಗಳಿಲ್ಲ. ಹೆಗಲ ಮೇಲೆ ತಾಮ್ರದ ಬಿಂದಿಗೆ.

"ನಮ್ಮವ್ವನ ಕಾಲದ್ದು. ಇದ್ರಲ್ಲಿ ಕತ್ತರಿಸ್ಕೊಳ್ಳೋಕಾಯ್ತದಾ ನೋಡು." ಬಿಂದಿಗೆ ಕೆಳಗಿಳಿಸಿ ಸೇರಿಸುತ್ತಾರೆ: "ರತ್ನಂಗೆ ಏಳ್ದೆ. ರಾತ್ರಿಯೆಲ್ಲ ಅತ್ತಳು. ಕೋಳಿ ಕೂಗೋ ಮುಂಚೆ ಎದ್ದು, ನಿಜ ಏಳ್ದೋನ ಕೈಯಲ್ಲೇ ರಿಪೇರಿ ಆಗ್ಲಿ ಅಂದ್ಳು."

ಕದಿರಪ್ಪ ಬಿಂದಿಗೆಗೆ ಕೈಮುಗಿದು ಕತ್ತರಿ ಹಾಕುತ್ತಾರೆ. ಹಳೆಯ ತಗಡಿನ ಅಳತೆಗೆ ಕತ್ತರಿಸಿದ ತಾಮ್ರವನ್ನು ಕುಲುಮೆಯಲ್ಲಿ ಕೆಂಪಾಗುವಂತೆ ಕಾಯಿಸಿ ನೀರಿಗೆ ಅದ್ದುತ್ತಾರೆ. "ಉಕ್ಕನ್ನ ಇಂಗೆ ಮಾಡಿದ್ರೆ ಬಿರುಸಾಯ್ತದೆ ಸ್ವಾಮಿ. ತಾಮ್ರ ಮೆತ್ತಗಾಯ್ತದೆ. ಬೆಂಕಿ ಒಂದೇ, ನೀರೂ ಒಂದೇ."

ತಗಡು ಕೂರಿಸಿ ಎಂಜಿನ್ನಿನ ತಲೆ ಬಿಗಿದ ಮೇಲೆ, ಮಧ್ಯಾಹ್ನ ಪರೀಕ್ಷೆ. ಅಶ್ವತ್ಥಪ್ಪನ ಹಳ್ಳಿಯವರೆಗೆ ಹೋಗಬೇಕು. ಚಿನ್ನ ತೆಗೆದುಳಿದ ಪುಡಿಯ ಸಯನೈಡ್ ಗುಡ್ಡಗಳು ಹಿಂದೆ ಸರಿಯುತ್ತವೆ. ಹುಣಸೆಮರದ ಏರಿನಲ್ಲಿ ಕದಿರಪ್ಪ ತಾವಾಗಿಯೇ ಕಾರು ನಿಲ್ಲಿಸುತ್ತಾರೆ. ಸರಳು ಕಚ್ಚಿ ಕೇಳಿ, ಎಂಜಿನ್ ಆರಿಸಿ, ಕಾಯುತ್ತಾರೆ. ಅಶ್ವತ್ಥಪ್ಪ ಮರದ ಕಡೆ ನೋಡುವುದಿಲ್ಲ. ಬಿಸಿ ತಗ್ಗಿದ ಮೇಲೆ ಕದಿರಪ್ಪ ಮುಚ್ಚಳ ತಿರುಗಿಸಿ ಬಿದಿರ ಕಡ್ಡಿ ಇಳಿಸಿ ಎತ್ತುತ್ತಾರೆ.

ಒದ್ದೆ ಗುರುತಿಗೆ ಸರಿಯಾಗಿ ನಿಂತಿದೆ.

ಕದಿರಪ್ಪ ಇನ್ನೊಮ್ಮೆ ಇಳಿಸಿ ನೋಡುತ್ತಾರೆ. ಮತ್ತೊಮ್ಮೆ.

ಇದನ್ನೆಲ್ಲ ಪತ್ರಿಕೆಗೆ ಬರೆಯಬಹುದೇ ಎಂದು ಹಿಂದಿನ ಸೀಟಿನಿಂದ ನಾನು ಕೇಳಿದರೆ ಹೂಂ ಎಂದು ತಲೆಯಾಡಿಸುತ್ತಾರೆ: "ಬರೀರಿ ಸ್ವಾಮಿ. ನನ್ನೆಸ್ರು ಆಕೇ ಬರೀರಿ. ಇನ್ನೂ ಎಷ್ಟು ಜನ ರಾಗಿ ಆಕ್ತಾವ್ರೋ. ಒಬ್ಬ ಬಿಟ್ರೂ ಸಾಕು."

ಹಳ್ಳಿಯಲ್ಲಿ ಕಾರಿನ ಸದ್ದಿಗೆ ವೆಂಕಟರತ್ನಮ್ಮ ಸೊಂಟದ ಮೇಲೆ ಕೈಯಿಟ್ಟು ಜಗಲಿಗೆ ಬರುತ್ತಾಳೆ. ಕದಿರಪ್ಪ ಇಳಿದು ತಲೆ ಬಗ್ಗಿಸಿ ನಿಂತಿದ್ದಾರೆ. ಅವಳು ಅವರನ್ನೂ ಕಾರನ್ನೂ ನೋಡುತ್ತಾಳೆ.

"ಈ ಸಲ ಏನು ಕುಡಿಸಿದ್ದೀಯ ಮಾಮ ಇದಕ್ಕೆ?"

"ಬರೀ ನೀರು ಕಣಮ್ಮ."

"ಅಂಗಾದ್ರೆ ಒಳಗ್ ಬಾ. ನೀನೂ ಒಂದು ಚೊಂಬು ಕುಡಿ."