ಸಹಿ ಇಲ್ಲದ ಜೋಕಾಲಿ

ಬೆಳಗಿನ ಐದು ಮುಕ್ಕಾಲು. ವಿಶಾಖಪಟ್ಟಣದ ಹತ್ತಿರದ ಭೀಮುನಿಪಟ್ಟಣದಲ್ಲಿ, ಕಡಲ ಕಡೆಯ ಒಂದು ಪುಟ್ಟ ಉದ್ಯಾನದಲ್ಲಿ ಅರವತ್ತಮೂರು ವರ್ಷದ ಭೀಮಸೇನ ಮರಳಿನ ಮೇಲೆ ಬೋರಲು ಮಲಗಿದ್ದಾರೆ. ಕೆನ್ನೆ ನೆಲಕ್ಕೆ ತಾಗಿದೆ. ಕೈಯಲ್ಲಿ ಹಿಡಿದ ಟಾರ್ಚಿನ ಬೆಳಕು ಜೋಕಾಲಿಯ ಕಂಬ ಸಿಮೆಂಟಿನೊಳಕ್ಕೆ ಇಳಿಯುವ ಜಾಗದ ಮೇಲೆ ಬಿದ್ದಿದೆ. ಕಂಬಕ್ಕೆ ಹಳದಿ ಬಣ್ಣ ಬಳಿದು ವಾರವೂ ಆಗಿಲ್ಲ. ಎದ್ದು ಕೂತು, ಗೇಣುದ್ದದ ಸುತ್ತಿಗೆಯಿಂದ ಕಂಬವನ್ನು ಮೇಲಿನಿಂದ ಕೆಳಕ್ಕೆ ತಟ್ಟುತ್ತ ಬರುತ್ತಾರೆ. ಎದೆಯೆತ್ತರದಲ್ಲಿ ಟಣ್ ಎನ್ನುವ ಸದ್ದು ಬುಡದ ಹತ್ತಿರ ಬಂದಾಗ ಮಂಕಾಗುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಇಟ್ಟು ಒತ್ತುತ್ತಾರೆ. ಬಣ್ಣದ ಸಿಪ್ಪೆ ಒಳಕ್ಕೆ ಕುಸಿದು ಕಂದು ಪುಡಿ ಉದುರುತ್ತದೆ.

"ಬಣ್ಣ ಗಟ್ಟಿ ಐತ್ರಿ. ಒಳಗ ಪೈಪ್ ಇಲ್ಲ" ಎನ್ನುತ್ತಾರೆ.

ಮಕ್ಕಳ ಆಟದ ಮೈದಾನಗಳ ಸಲಕರಣೆ ಸುರಕ್ಷಿತವೇ ಎಂದು ಪರೀಕ್ಷಿಸುವುದು ಭೀಮಸೇನರ ಕೆಲಸ. ಉದ್ಯಾನಗಳ ನಿರ್ವಹಣೆ ಮಾಡುವ ಒಂದು ಖಾಸಗಿ ಸಂಸ್ಥೆಯಲ್ಲಿ ಮೂರು ವರ್ಷದಿಂದ ಗುತ್ತಿಗೆಯ ಮೇಲಿದ್ದಾರೆ. ದುರಸ್ತಿಗೆಂದು ನಾಲ್ಕು ತಿಂಗಳು ಮುಚ್ಚಿದ್ದ ಈ ಉದ್ಯಾನ ಭಾನುವಾರ ಮತ್ತೆ ತೆರೆಯಬೇಕು. ಇವತ್ತು ಮಂಗಳವಾರ. ತಪಾಸಣೆಯ ನಮೂನೆಯಲ್ಲಿ 'ಬಳಕೆಗೆ ಯೋಗ್ಯ' ಎಂಬ ಸಾಲಿನ ಕೆಳಗೆ ತಪಾಸಣೆದಾರರ ಸಹಿ ಬೀಳದೆ ಜೋಕಾಲಿಯ ಬೀಗ ತೆಗೆಯುವಂತಿಲ್ಲ. ಭೀಮಸೇನರ ಗುತ್ತಿಗೆ ಮುಗಿಯುವುದು ಇದೇ ತಿಂಗಳ ಕೊನೆಗೆ. ಸಹಿ ಹಾಕದಿದ್ದರೆ ಅದು ಮುಂದುವರಿಯುವುದು ಕಷ್ಟ ಎಂದು ಸಂಸ್ಥೆಯಿಂದ ಫೋನು ಬಂದು ಎರಡು ದಿನವಾಗಿದೆ.

ಅವರು ಗದಗ ಜಿಲ್ಲೆಯ ರೋಣದವರು. ಐಟಿಐ ಮುಗಿಸಿ 1988ರಲ್ಲಿ ವಿಶಾಖಪಟ್ಟಣದ ಉಕ್ಕು ಕಾರ್ಖಾನೆ ಸೇರಿ, ಮೂವತ್ತನಾಲ್ಕು ವರ್ಷ ಕ್ರೇನ್ ನಿರ್ವಹಣೆಯ ವಿಭಾಗದಲ್ಲಿ ದುಡಿದರು. ಕ್ರೇನಿನ ಕೊಕ್ಕೆ, ಉಕ್ಕಿನ ಹಗ್ಗ, ಸರಪಳಿ ಸವೆದಿವೆಯೇ ಎಂದು ದಿನವೂ ನೋಡುವುದು, ಸವೆದಿದ್ದರೆ ಕ್ರೇನು ನಿಲ್ಲಿಸುವುದು. ನಿವೃತ್ತಿಯಾದ ಮೇಲೆ ಟೌನ್‌ಶಿಪ್ಪಿನ ಕ್ವಾರ್ಟರ್ಸ್ ಬಿಟ್ಟು ಗಾಜುವಾಕದಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಅಪ್ಪನ ಕನ್ನಡಕ್ಕೆ ಅವಳು ಉತ್ತರ ಕೊಡುವುದು ತೆಲುಗಿನಲ್ಲಿ.

ಈಗ ಅವರ ಪಟ್ಟಿಯಲ್ಲಿ ವಿಶಾಖಪಟ್ಟಣದ ಸುತ್ತಿನ ನಲವತ್ತೊಂದು ಮೈದಾನಗಳಿವೆ, ವಿಜಯವಾಡದ ಹದಿನೇಳು. ದಿನಕ್ಕೆ ನಾಲ್ಕೈದು ಮೈದಾನ, ಮಕ್ಕಳು ಬರುವ ಮೊದಲೇ. ತಿಂಗಳಿಗೆರಡು ಸಲ ರೈಲು ಹತ್ತಿ ವಿಜಯವಾಡಕ್ಕೆ ಹೋಗುತ್ತಾರೆ. ಒಂದು ಜೋಕಾಲಿಯ ಎರಡು ಸರಪಳಿಗಳಲ್ಲಿ ಸರಾಸರಿ ನೂರಿಪ್ಪತ್ತು ಕೊಂಡಿಗಳಿರುತ್ತವೆ. ಪ್ರತಿಯೊಂದನ್ನೂ ಬೆರಳಲ್ಲಿ ಹೊರಳಿಸಿ ನೋಡುತ್ತಾರೆ. ದಪ್ಪದಲ್ಲಿ ಮೂರನೇ ಒಂದು ಭಾಗ ಸವೆದಿದ್ದರೆ ಸರಪಳಿಯನ್ನೇ ಬದಲಿಸಲು ಬರೆಯುತ್ತಾರೆ. ಜಾರುಬಂಡೆಯ ಕೆಳಗಿನ ಮರಳಿಗೆ ಕಬ್ಬಿಣದ ಸರಳು ಚುಚ್ಚಿ ಆಳ ಅಳೆಯುತ್ತಾರೆ. ಒಂದಡಿ ಇರಬೇಕಾದಲ್ಲಿ ಮೂರು ಇಂಚು ಸಿಕ್ಕ ದಿನಗಳೇ ಜಾಸ್ತಿ.

ಚೀಲದಲ್ಲಿ ಒಂದು ಮರದ ತಲೆಯೂ ಇದೆ. ಏಣಿಯ ಮೆಟ್ಟಿಲು, ಕಟಕಟೆಯ ಸಂದುಗಳಲ್ಲಿ ಮಗುವಿನ ತಲೆ ಸಿಕ್ಕಿಕೊಳ್ಳುತ್ತದೆಯೇ ಎಂದು ತೂರಿಸಿ ನೋಡಲು, ಮೂರು ವರ್ಷದ ಮಗುವಿನ ತಲೆಯ ಅಳತೆ ಕೊಟ್ಟು ಕೊಂಡಪಲ್ಲಿಯ ಗೊಂಬೆ ಕುಶಲಕರ್ಮಿಯೊಬ್ಬರಿಂದ ಮಾಡಿಸಿದ್ದು. ಬರೀ ಗುಂಡು ಸಾಕು ಎಂದಿದ್ದರೂ ಆತ ಕಣ್ಣು, ಮೂಗು, ಗಿರಿಜಾ ಮೀಸೆ ಎಲ್ಲ ಬರೆದುಕೊಟ್ಟಿದ್ದಾನೆ. "ಮೂರು ವರ್ಷದ ಕೂಸಿಗೆ ಮೀಸಿ ಯಾಕಪ್ಪಾ ಅಂದೆ. ಮುಖ ಇಲ್ದಿದ್ದು ನಮ್ಮ ಅಂಗಡಿಯಿಂದ ಹೊರಗ ಹೋಗಂಗಿಲ್ರಿ ಅಂದ." ಇಡೀ ಬೆಳಗಿನಲ್ಲಿ ಭೀಮಸೇನ ನಕ್ಕಿದ್ದು ಅದೊಂದೇ ಸಲ.

ಮೂರು ವರ್ಷದ ಅವರ ನೋಟ್‌ಬುಕ್ಕುಗಳಲ್ಲಿ 'ಕೂಡಲೇ ಮುಚ್ಚಬೇಕು' ಎಂದು ಬರೆದ ನಮೂದುಗಳು ಇನ್ನೂರ ಹನ್ನೆರಡು. ಅವುಗಳಲ್ಲಿ ದುರಸ್ತಿಯಾಗಿದ್ದು ಎಪ್ಪತ್ತೊಂಬತ್ತು. ಮುಚ್ಚಿದ್ದು ಮೂವತ್ತನಾಲ್ಕು. ಉಳಿದ ತೊಂಬತ್ತೊಂಬತ್ತರ ಮುಂದೆ ಏನೂ ಬರೆದಿಲ್ಲ. ಈ ಅಂಕಿಗಳ ಬಗ್ಗೆ ಸಂಸ್ಥೆಯನ್ನು ಕೇಳಿದಾಗ, ತಪಾಸಣೆಯ ವಿವರಗಳನ್ನು ಹೊರಗಿನವರೊಂದಿಗೆ ಹಂಚಿಕೊಳ್ಳುವುದಿಲ್ಲ ಎಂಬ ಉತ್ತರ ಬಂದಿದೆ.

ಭೀಮಸೇನರು ಸಹಿ ಹಾಕಿದ ಸಲಕರಣೆಯಲ್ಲೂ ಒಂದು ಅಪಘಾತ ಆಗಿದೆ. ಅದನ್ನು ಅವರು ಮುಚ್ಚಿಡುವುದಿಲ್ಲ. ಕೇಳುವ ಮೊದಲೇ ಹೇಳುತ್ತಾರೆ.

ಕಳೆದ ವರ್ಷದ ಮೇ ತಿಂಗಳು. ವಿಜಯವಾಡದ ಪಟಮಟದ ಒಂದು ಉದ್ಯಾನದಲ್ಲಿ ತಗಡಿನ ಹೊಸ ಜಾರುಬಂಡೆ ಇಟ್ಟಿದ್ದರು. ರೈಲು ತಡವಾಗಿ, ಅವರು ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಮೊಳೆ, ಬೆಸುಗೆ, ಅಂಚು ಎಲ್ಲ ಸರಿಯಿತ್ತು. ಕೊನೆಗೆ ತಗಡಿನ ಮೇಲೆ ಅಂಗೈ ಇಟ್ಟು ನೋಡಿದರು. ಬೆಚ್ಚಗಿದೆ ಅನ್ನಿಸಿತು. ಸಹಿ ಹಾಕಿದರು. ಅದೇ ದಿನ ನಾಲ್ಕು ಗಂಟೆಗೆ ನಾಲ್ಕು ವರ್ಷದ ಹುಡುಗಿಯೊಬ್ಬಳು ಫ್ರಾಕು ತೊಟ್ಟು ಅದರ ಮೇಲೆ ಜಾರಿದಳು. ಎರಡೂ ತೊಡೆಗಳ ಹಿಂಬದಿ ಬೊಬ್ಬೆ ಎದ್ದು ಚರ್ಮ ಸುಲಿಯಿತು. ಹನ್ನೊಂದು ದಿನ ಆಸ್ಪತ್ರೆ.

ಭೀಮಸೇನ ಮರುದಿನವೇ ಆಸ್ಪತ್ರೆಗೆ ಹೋದರು. ಹುಡುಗಿಯ ತಾಯಿ ಮಾಧವೀಲತಾ ಶಾಲಾ ಶಿಕ್ಷಕಿ. ಬೈಯಲಿಲ್ಲ. ತೆಲುಗಿನಲ್ಲಿ ಒಂದೇ ಮಾತು ಕೇಳಿದರು: "ನೀವು ಮುಟ್ಟಿ ನೋಡಿದ್ದಿರಾ?"

"ಮುಟ್ಟಿದ್ದೆ ಅಮ್ಮಾ ಅಂದೆ. ಆಕಿ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು."

ಅಂಗೈ ಚಾಚಿ ತೋರಿಸುತ್ತಾರೆ. ಎತ್ತಿನ ಗೊರಸಿನಂತೆ ಗಟ್ಟಿಯಾಗಿದೆ. ಬಿಸಿ ಉಕ್ಕಿನ ಹಗ್ಗ ಹಿಡಿದು, ಕುಲುಮೆಯ ಮೇಲಿನ ಕ್ರೇನುಗಳ ಹಲ್ಲುಚಕ್ರ ಮುಟ್ಟಿ ಮುಟ್ಟಿ ಆದದ್ದು. ಮನೆಯಲ್ಲಿ ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಾರೆ. "ಮೂವತ್ನಾಕು ವರ್ಷ ಈ ಕೈನ ನಂಬಿದ್ದೆ. ಇದಕ್ಕ ಬಿಸಿ ಗೊತ್ತಾಗಂಗಿಲ್ಲ ಅನ್ನೋದು ನನಗ ಗೊತ್ತ ಇರಲಿಲ್ರಿ."

ನಮೂನೆಯಲ್ಲಿ ಬಿಸಿಯ ಬಗ್ಗೆ ಕಾಲಮ್ಮೇ ಇಲ್ಲ, ಹಾಗಾಗಿ ತಪಾಸಣೆಯಲ್ಲಿ ಲೋಪವಾಗಿಲ್ಲ ಎಂದು ಸಂಸ್ಥೆ ಕಡತ ಮುಚ್ಚಿತು. ಅಂದಿನಿಂದ ಭೀಮಸೇನ ಪ್ರತಿ ನಮೂನೆಯ ಕೆಳಗೂ ಪೆನ್ನಿನಲ್ಲಿ ಗೆರೆ ಎಳೆದು 'ಬಿಸಿ' ಎಂಬ ಕಾಲಮ್ ಸೇರಿಸುತ್ತಾರೆ. ತಗಡಿನ ಜಾರುಬಂಡೆ ಇರುವಲ್ಲಿಗೆ ಮಧ್ಯಾಹ್ನ ಮೂರಕ್ಕೆ ಇನ್ನೊಮ್ಮೆ ಹೋಗುತ್ತಾರೆ. ಹೇಗೆ ನೋಡಬೇಕೆಂದು ಹೇಳಿಕೊಟ್ಟವರು ಹೆಂಡತಿ ಉಮಾದೇವಿ.

"ಕೂಸಿಗೆ ಹಾಲು ಕುಡಸೂ ಮುಂದ ಮಣಿಕಟ್ಟಿನ ಒಳಗ ಹನಿ ಬಿಟ್ಟು ನೋಡ್ತೀವಲ್ಲ, ಹಂಗ ನೋಡ್ರೀ ಅಂದೆ" ಎನ್ನುತ್ತಾರೆ ಉಮಾದೇವಿ. "ಮಗಳಿಗೆ ಒಂದು ದಿನಾನೂ ಹಾಲು ಕುಡಿಸಿದವರಲ್ಲ. ಯಾವಾಗ ನೋಡಿದ್ರೂ ಶಿಫ್ಟು. ಇವರಿಗೆ ಹೆಂಗ ಗೊತ್ತಾಗಬೇಕು?"

ಪಟಮಟದ ಜಾರುಬಂಡೆ ಈಗಲೂ ಅಲ್ಲೇ ಇದೆ. ನೆರಳಿನ ಚಪ್ಪರಕ್ಕಾಗಿ ಅವರು ಬರೆದ ಪತ್ರಗಳು ಆರು. ಚಪ್ಪರ ಬಂದಿಲ್ಲ. ಏಣಿಗೆ ಒಂದು ಹಗ್ಗ ಕಟ್ಟಿದ್ದಾರೆ. ಮಕ್ಕಳು ಅದರ ಕೆಳಗೆ ನುಸುಳಿ ಹತ್ತುತ್ತಾರೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಸಂಸ್ಥೆಯ ಮೇಲ್ವಿಚಾರಕ ಸಾಯಿಕಿರಣ್ ನಮೂನೆ ಹಿಡಿದು ಭೀಮುನಿಪಟ್ಟಣಕ್ಕೆ ಬರುತ್ತಾರೆ. ಮೂವತ್ತೆರಡರ ಯುವಕ. ಎರಡು ಕಪ್ ಚಹಾ ತಂದಿದ್ದಾರೆ. ಮಾತು ತೆಲುಗಿನಲ್ಲಿ ನಡೆಯುತ್ತದೆ; ಅವರಿಗೆ ಭೀಮಸೇನ 'ಬಾಬಾಯ್', ಅಂದರೆ ಚಿಕ್ಕಪ್ಪ, ಭೀಮಸೇನರಿಗೆ ಅವರು 'ನಾಯನಾ', ಅಂದರೆ ಮಗ.

"ಬಾಬಾಯ್, ನಿಮ್ಮ ಕಾರ್ಖಾನೆಯಲ್ಲಿ ನೂರು ಟನ್ ಎತ್ತುತ್ತಿದ್ದಿರಿ. ಇಲ್ಲಿ ಕೂರೋದು ಹದಿನೈದು ಕಿಲೋ ಮಗು."

"ನೂರು ಟನ್ ಮೇಲಿದ್ದಾಗ ಕೆಳಗೆ ಒಬ್ಬರನ್ನೂ ನಿಲ್ಲೋಕೆ ಬಿಡ್ತಿರಲಿಲ್ಲ ನಾಯನಾ. ಇಲ್ಲಿ ಕೆಳಗಿರೋರೇ ಮಕ್ಕಳು."

"ಹೊಸ ಕಂಬಕ್ಕೆ ಆರ್ಡರ್ ಹೋಗಿದೆ. ಬರೋಕೆ ಆರು ವಾರ. ಅಲ್ಲಿವರೆಗೆ ಮಾತ್ರ ಅಂತ ಬರೆದು ಸಹಿ ಹಾಕಿ. ದೊಡ್ಡವರು ಬರ್ತಿದ್ದಾರೆ. ಜೋಕಾಲಿ ಕಟ್ಟಿಹಾಕಿ ಉದ್ಘಾಟನೆ ಮಾಡೋದು ಹೇಗೆ?"

"ಆರು ವಾರ ಅನ್ನೋದು ಕಂಬಕ್ಕೆ ಗೊತ್ತಾ?"

ಸಾಯಿಕಿರಣ್ ಚಹಾ ಕಪ್ಪನ್ನು ಬೆಂಚಿನ ಮೇಲಿಡುತ್ತಾರೆ. "ನನಗೇನು ಮಕ್ಕಳಿಲ್ವಾ ಬಾಬಾಯ್? ನಾನೇನು ರಾಕ್ಷಸನಾ?"

"ಇದ್ದಾನಲ್ಲ ನಿನ್ನ ಮಗ. ಭಾನುವಾರ ಮೊದಲು ಅವನನ್ನೇ ಕೂರಿಸು. ಆಮೇಲೆ ಸಹಿ ಹಾಕ್ತೀನಿ."

ಸಾಯಿಕಿರಣ್ ಮೊಬೈಲು ತೆಗೆದು ನೋಡುತ್ತಾರೆ. "ಅವನಿಗೆ ಶೀತ" ಎನ್ನುತ್ತಾರೆ.

ಭೀಮಸೇನ ನಮೂನೆ ತೆಗೆದುಕೊಂಡು, 'ಬಳಕೆಗೆ ಯೋಗ್ಯ' ಎಂಬ ಸಾಲನ್ನು ಹೊಡೆದುಹಾಕಿ, 'ಬಲಬದಿಯ ಎರಡು ಕಂಬಗಳ ಬುಡ ತುಕ್ಕು ತಿಂದಿದೆ, ಮುಚ್ಚಬೇಕು' ಎಂದು ಬರೆದು ದಿನಾಂಕ ಹಾಕುತ್ತಾರೆ. ಸಾಯಿಕಿರಣ್ ಅದನ್ನು ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ. ಹೋಗುವಾಗ ತಲೆ ಬಗ್ಗಿಸಿ ನಮಸ್ಕರಿಸುತ್ತಾರೆ. ಅಂದು ಮಧ್ಯಾಹ್ನ ಬೇರೊಬ್ಬ ತಪಾಸಣೆದಾರರು ಬಂದು ಇಪ್ಪತ್ತು ನಿಮಿಷದಲ್ಲಿ ಹೊಸ ನಮೂನೆಗೆ ಸಹಿ ಹಾಕಿ ಹೋದರೆಂದು ಉದ್ಯಾನದ ಕಾವಲುಗಾರ ಹೇಳುತ್ತಾನೆ. ಸಂಜೆ ಭೀಮಸೇನರ ಫೋನಿಗೆ ಸಂದೇಶ ಬರುತ್ತದೆ: ಒಂದನೇ ತಾರೀಖಿನಿಂದ ಬರಬೇಕಾಗಿಲ್ಲ.

ಶನಿವಾರ ಅವರು ಕಂಬದ ಫೋಟೋಗಳೊಂದಿಗೆ ಸಂಬಂಧಪಟ್ಟ ಅಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ದೂರು ಕಳಿಸುತ್ತಾರೆ. ಈ ಬರಹ ಮುಗಿಸುವ ಹೊತ್ತಿಗೆ ಉತ್ತರ ಬಂದಿರಲಿಲ್ಲ.

ಭಾನುವಾರ ಉದ್ಯಾನಕ್ಕೆ ಬಲೂನು ಕಟ್ಟಿದ್ದಾರೆ. ಭಾಷಣಗಳು ಹತ್ತೂವರೆಗೆ ಮುಗಿಯುತ್ತವೆ. ಸಂಜೆ ನಾಲ್ಕಕ್ಕೆ, ಮಕ್ಕಳಿಗೆ ಗೇಟು ತೆರೆಯುವ ಹೊತ್ತಿಗೆ, ಭೀಮಸೇನ ಗಾಜುವಾಕದಿಂದ ಎರಡು ಬಸ್ಸು ಬದಲಿಸಿ ಬಂದು ಜೋಕಾಲಿಯ ಬಲಬದಿಯ ಕಂಬದ ಪಕ್ಕ ನಿಲ್ಲುತ್ತಾರೆ. ಹೀಗೆ ಮಾಡಲು ಅವರಿಗೆ ಯಾವ ಅಧಿಕಾರವೂ ಇಲ್ಲ. ಮಕ್ಕಳ ಸಾಲು ಉದ್ದವಿದೆ. ಆಟವನ್ನೇ ಪೂರ್ತಿ ನಿಲ್ಲಿಸುವುದು ಅವರ ಕೈಲಿಲ್ಲ; ಕಂಬದ ಮೇಲಿನ ಭಾರವನ್ನಾದರೂ ತಗ್ಗಿಸಲು, ಈ ಬದಿಯ ಎರಡು ಹಲಗೆಗಳಿಗೆ ಯಾರನ್ನೂ ಬಿಡದೆ, ಎಡಗಡೆಯದಕ್ಕೆ ಒಬ್ಬೊಬ್ಬರನ್ನೇ ಕಳಿಸುತ್ತಾರೆ. ಯಾರೂ ನಿಂತು ಜೀಕದಂತೆ ನೋಡಿಕೊಳ್ಳುತ್ತಾರೆ. ತಂದೆಯೊಬ್ಬರು ಜಗಳಕ್ಕೆ ಬರುತ್ತಾರೆ. "ಏಯ್ ತಾತ, ಜೋಕಾಲಿ ನಿಮ್ಮಪ್ಪಂದಾ?" ಭೀಮಸೇನ ಬಾಗಿ ಕಂಬದ ಬುಡ ತೋರಿಸುತ್ತಾರೆ. ಆತ ನೋಡಿ ಮಗನನ್ನು ಎತ್ತಿಕೊಂಡು ಹೋಗುತ್ತಾನೆ. ಅವನ ಹಿಂದಿದ್ದ ಹೆಂಗಸು ನೋಡುವುದಿಲ್ಲ. ಇವರು ಕಾವಲಿನವರೇ ಎಂದು ಕೇಳುತ್ತಾಳೆ. ಹೌದಮ್ಮಾ ಎನ್ನುತ್ತಾರೆ.

ಏಳು ಗಂಟೆಗೆ ಗೇಟು ಮುಚ್ಚುತ್ತದೆ. ಹೊಸ ಕಂಬ ಬರುವವರೆಗೆ ದಿನವೂ ಬರುತ್ತೇನೆ ಎನ್ನುತ್ತಾರೆ. ಮಂಡಿ ನೋಯುತ್ತಿದೆ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಚಪ್ಪಲಿಯೊಳಗಿನ ಮರಳು ಕೊಡವುತ್ತಾರೆ. ಮುಂದೇನು ಆಗಬೇಕು ಅನ್ನಿಸುತ್ತದೆ ಎಂದು ಕೇಳಿದರೆ ಇನ್ನೊಂದು ಚಪ್ಪಲಿಯನ್ನೂ ಕೊಡವಿ ಹೇಳುತ್ತಾರೆ:

"ನಂದು ತಪ್ಪು ಅಂತ ಆಗ್ಲಿರಿ. ಆ ಕಂಬ ಇನ್ನೂ ಹತ್ತು ವರ್ಷ ನಿಂದರಲಿ. ಆ ಕನ್ನಡದ ಮುದುಕ ಸುಮ್ಮ ಸುಮ್ಮನ ಹೆದರಿಸಿದ್ದ ಅಂತ ಮಂದಿ ನಗಲಿ. ನಾನೂ ನಗ್ತೀನಿ."