ಮಿಕ್ಕಿದ ಮಾತ್ರೆಗಳ ಡಾಕ್ಟರು

ಕಲಿತದ್ದು ಪಂಪು ಮೋಟಾರಿನ ಕೆಲಸವಾದರೂ ನೆಂಟರಿಷ್ಟರ ಬಾಯಲ್ಲಿ ಆತ ಡಬ್ಬಿ ಡಾಕ್ಟರು. ಮನೆಯ ಬೀರುವಿನ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿ. ಅದರ ತುಂಬ ಮಿಕ್ಕಿದ ಮಾತ್ರೆಗಳು. ಮಿಕ್ಕಿದ್ದು ಹೇಗೆ ಅಂತೀರಾ? ಯಾರಿಗೇ ಸೋಂಕು ತಗಲಿ ಜ್ವರ ಬರಲಿ, ಜ್ವರ ಇಳಿದ ಗಳಿಗೆಯೇ ಮಾತ್ರೆ ಬಂದ್! "ಬೆಂಕಿ ಆರಿದ್ಮೇಲೂ ಯಾರಾದ್ರೂ ನೀರು ಸುರೀತಾರೇನ್ರೀ?" ಇದು ಆತನ ವೈದ್ಯಶಾಸ್ತ್ರ. ಉಳಿದರ್ಧ ಡಬ್ಬಿಗೆ, ಡಬ್ಬಿಯಿಂದ ತಂಗಿಗೆ, ತಂಗಿಯಿಂದ ಅವಳ ಅತ್ತೆಗೆ. ಹೆಂಡತಿಗೆ ಆಗಾಗ ಉರಿಮೂತ್ರದ ಕಾಟ. ಆಕೆಯಂತೂ ಈ ಡಾಕ್ಟರ ಕಾಯಂ ರೋಗಿ.

ಹೊಟ್ಟೆಪಾಡಿಗೆ ಆತ ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಮೇಲ್ವಿಚಾರಕ. ಅಲ್ಲಿ ಉದ್ದನೆಯ ತೊಟ್ಟಿಗಳಲ್ಲಿ ಪ್ಲಾಸ್ಟಿಕ್ ಚಕ್ರಗಳು ನಿಧಾನವಾಗಿ ತಿರುಗುತ್ತಿರುತ್ತವೆ. ಚಕ್ರಗಳ ಮೈಗೆಲ್ಲ ಕಂದು ಲೋಳೆ. ಥೂ ಅಂದೀರಿ, ಜೋಕೆ! ಪದರದ ಮೇಲೆ ಪದರ ಕಟ್ಟಿಕೊಂಡು ಕೂತ ಕೋಟಿ ಕೋಟಿ ಬ್ಯಾಕ್ಟೀರಿಯಾಗಳೇ ಆ ಲೋಳೆ. ಊರ ಹೊಲಸನ್ನೆಲ್ಲ ತಿಂದು ನೀರನ್ನು ತಿಳಿ ಮಾಡುವವೂ ಅವೇ. ನೋಡಲು ಬಂದ ಕಾಲೇಜು ಹುಡುಗರಿಗೆ ಆತ ಕೈಯಾಡಿಸಿ ವಿವರಿಸುತ್ತಿದ್ದ: "ಒಂಚೂರು ಬ್ಲೀಚಿಂಗ್ ಬಿತ್ತು ಅಂತಿಟ್ಕೊಳ್ಳಿ. ಮೇಲಿನವು ಸಾಯ್ತವೆ, ಅಡೀಲಿರೋವು ಆರಾಮಾಗಿರ್ತವೆ. ಅರ್ಧಂಬರ್ಧ ಹೊಡೆದ್ರೆ ಇವು ಸಾಯಲ್ಲಪ್ಪಾ, ಪಾಠ ಕಲೀತವೆ. ಪಕ್ಕದವಕ್ಕೂ ಹೇಳ್ಕೊಡ್ತವೆ!" ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಅದೇ ಮಹಾನುಭಾವ ಸಂಜೆ ಮನೆಗೆ ಹೋಗಿ, "ಜ್ವರ ಬಿಡ್ತಾ? ಸರಿ, ಮಿಕ್ಕಿದ್ದು ಇಲ್ಲಿ ಕೊಡು," ಎಂದು ಹೆಂಡತಿಯ ಮುಂದೆ ಕೈಯೊಡ್ಡುತ್ತಿದ್ದ. ಎರಡಕ್ಕೂ ಸಂಬಂಧವಿದೆಯೆಂದು ಆತನಿಗೆ ಒಮ್ಮೆಯೂ ಹೊಳೆಯಲಿಲ್ಲ.

ಈ ಸಲ ಆಕೆಯ ಜ್ವರ ಹಟ ಹಿಡಿಯಿತು. ಬಿಳಿ ಮಾತ್ರೆ ಆಯಿತು, ಹಳದಿ ಆಯಿತು, ಕೆಂಪು-ಕಪ್ಪು ಕ್ಯಾಪ್ಸೂಲೂ ಆಯಿತು. ಆಕೆ ಗಡಗಡ ನಡುಗುತ್ತ ಮಾತು ತೊದಲತೊಡಗಿದಾಗ ಆತನ ಜಂಬ ಜರ್ರನೆ ಇಳಿಯಿತು. ಹೆಂಡತಿಯನ್ನೂ ಡಬ್ಬಿಯನ್ನೂ ಎತ್ತಿಕೊಂಡು ಆಸ್ಪತ್ರೆಗೆ ಓಡಿದ.

ಮೂತ್ರ ಪರೀಕ್ಷೆಯ ವರದಿ ಬಂದ ಮೇಲೆ ಅಲ್ಲಿನ ಡಾಕ್ಟರಮ್ಮ ಆತನನ್ನು ಒಳಗೆ ಕರೆದರು. ಆತ ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟ.

"ಎಲ್ಲಾ ಇದೆ ಮೇಡಂ, ಯಾವ್ದು ಬೇಕೋ ತಗೊಳ್ಳಿ."

ಅವರು ಒಂದೊಂದೇ ಎತ್ತಿ ಪಕ್ಕಕ್ಕಿಟ್ಟರು. "ಇದು ನಾಟಲ್ಲ. ಇದೂ ನಾಟಲ್ಲ." ಡಬ್ಬಿ ಖಾಲಿಯಾಯಿತು.

"ಇಂಥ ಭಂಡ ಕ್ರಿಮೀನ ಯಾವನು ಮೇಡಂ ಸಾಕಿದ್ದು?" ಎಂದು ಆತ ಸಿಡುಕಿದ.

ಡಾಕ್ಟರಮ್ಮ ಖಾಲಿ ಡಬ್ಬಿಯನ್ನೊಮ್ಮೆ, ಆತನನ್ನೊಮ್ಮೆ ನೋಡಿದರು. "ಒಳಗೆ ಲೋಳೆ ಥರ ಅಂಟ್ಕೊಂಡು ಕೂತಿವೆ. ಅರ್ಧಂಬರ್ಧ ಔಷಧಿ ಕೊಟ್ರೆ ಮೇಲಿನವು ಸಾಯ್ತವೆ, ಅಷ್ಟೇ..."

"ಅಡೀಲಿರೋವು ಪಾಠ ಕಲೀತವೆ," ಎಂದು ಆತನ ಬಾಯಿ ತಾನಾಗಿಯೇ ಮುಗಿಸಿತು. ವರ್ಷಗಟ್ಟಲೆ ಊರಿಗೆಲ್ಲ ಹೇಳಿದ ಮಾತು ಮೊದಲ ಸಲ ಆತನ ಕಿವಿಗೂ ಬಿತ್ತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

ಇನ್ನು ಉಳಿದದ್ದು ಒಂದೇ ಒಂದು ಬಗೆಯ ಇಂಜೆಕ್ಷನ್. "ಇದೂ ಹಿಡೀಲಿಲ್ಲ ಅಂದ್ರೆ ನಮ್ಮ ಹತ್ರ ಬೇರೇನೂ ಇಲ್ಲ. ಮನಸ್ಸು ಗಟ್ಟಿ ಮಾಡ್ಕೊಳ್ಳಿ," ಎಂದರು ಡಾಕ್ಟರಮ್ಮ. ಆತ ಮಂಚದ ಬುಡ ಬಿಟ್ಟು ಕದಲಲಿಲ್ಲ. ಹುಡುಗರ ಮುಂದೆ ಬಾಯ್ತುಂಬ ಹೊಗಳಿದ್ದ ಕ್ರಿಮಿಕುಲಕ್ಕೆ ಅದೇ ಬಾಯಿಂದ ಹಿಡಿಶಾಪ ಹಾಕಿದ. ಕೊನೆಗೂ ಆಕೆಯ ಹಣೆ ತಣ್ಣಗಾಯಿತು. ಕಣ್ಣು ಬಿಟ್ಟವಳೇ, ಗಂಡ ಕಲಿಸಿದ್ದನ್ನು ಮರೆಯದ ಮಹಾತಾಯಿ, "ಜ್ವರ ಬಿಡ್ತಲ್ಲ, ಸಾಕು. ಮನೆಗೆ ಹೋಗೋಣ್ರೀ," ಎಂದಳು.

"ಸುಮ್ನೆ ಮಲಕ್ಕೊಳೇ ಮಹರಾಯ್ತಿ! ಕೊನೇ ಡೋಸ್ ಆಗೋವರ್ಗೂ ಕಾಲು ಕೆಳಗಿಟ್ರೆ ನೋಡು!" ಆತ ಅಳುತ್ತಲೇ ಗದರಿದ.

ಅಷ್ಟರಲ್ಲಿ ತಂಗಿ ನೋಡಲು ಬಂದಳು. ಅತ್ತಿಗೆಯ ತಲೆ ಸವರಿ, ಕಣ್ಣೊರೆಸಿಕೊಂಡು, ಅಣ್ಣನನ್ನು ಬಾಗಿಲ ಹತ್ತಿರ ಕರೆದಳು.

"ಅಣ್ಣಾ, ಆ ಇಂಜೆಕ್ಷನ್ ಏನಾದ್ರೂ ಮಿಕ್ಕಿದ್ರೆ ನನಗೆ ಎತ್ತಿಡೋ. ನೀನು ಕೊಟ್ಟಿದ್ದ ಮಾತ್ರೆ ಈ ಸಲ ಯಾಕೋ ನನಗೂ ನಾಟ್ತಾನೇ ಇಲ್ಲ."