ಒಂಬತ್ತು ಸಲ ರಾಮೇಶ್ವರ

ದೇಶ ಸುತ್ತು, ಕೋಶ ಓದು ಅನ್ನುತ್ತಾರೆ. ಎರಡನ್ನೂ ಮಾಡಿದವನು ನಾನು ಎಂಬ ಜಂಬ ನನಗೆ ಬಹಳ ಕಾಲ ಇತ್ತು. ಗೋರಂಟ್ಲದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸೋಷಿಯಲ್ ಪಾಠ ಹೇಳಿ, ರಿಟೈರ್ ಆದ ಮೇಲೆ ಹಿಂದೂಪುರದಲ್ಲಿ ಮನೆ ಮಾಡಿದೆ. ಅಲ್ಲಿಂದೀಚೆಗೆ ವರ್ಷಕ್ಕೊಮ್ಮೆ ಮುರಳೀಕೃಷ್ಣನ ಟೂರಿಸ್ಟ್ ಬಸ್ಸು ಹತ್ತುತ್ತೇನೆ. ಹೆಂಡತಿ ವಾಣಿಶ್ರೀ ಜೊತೆಗಿರುತ್ತಾಳೆ. ನೋಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುವ ಚಟ ಬೇರೆ. ಅದರಲ್ಲಿ ಅರಮನೆಗಳಿವೆ, ಮ್ಯೂಸಿಯಮ್ಮುಗಳಿವೆ, ಎರಡು ಮೂರು ದ್ವೀಪಗಳೂ ಇವೆ. ಗೌರಕ್ಕನ ಹೆಸರು ಮಾತ್ರ ಹತ್ತು ವರ್ಷ ಒಂದು ಪುಟದಲ್ಲೂ ಇರಲಿಲ್ಲ.

ಗೌರಕ್ಕ ಆ ಬಸ್ಸಿನ ಅಡುಗೆಯವರು. ಕಲ್ಯಾಣದುರ್ಗದ ಕಡೆಯ ಹಳ್ಳಿಯವರು, ಮದುವೆಯಾಗಿ ಹಿಂದೂಪುರಕ್ಕೆ ಬಂದವರು. ಗಂಡ ತೀರಿಕೊಂಡ ಮೇಲೆ ಮದುವೆ ಮನೆಗಳಲ್ಲಿ ಒಲೆ ಹಿಡಿದರು, ಆಮೇಲೆ ಬಸ್ಸಿಗೆ ಬಂದರು. ಇಂಥ ಬಸ್ಸುಗಳ ಪದ್ಧತಿ ನಿಮಗೆ ಗೊತ್ತಿರಬಹುದು. ಡಿಕ್ಕಿಯಲ್ಲಿ ಗ್ಯಾಸ್ ಒಲೆ, ಕೊಪ್ಪರಿಗೆ, ಅಕ್ಕಿ ಮೂಟೆ. ಊರು ಬಂದ ಕೂಡಲೇ ನಾವು ಮೂವತ್ತಾರು ಜನ ನೋಡಲು ಹೋಗುತ್ತೇವೆ, ಗೌರಕ್ಕ ಛತ್ರದ ಹಿತ್ತಲಲ್ಲೋ ಬಸ್ ಸ್ಟ್ಯಾಂಡಿನ ಮೂಲೆಯಲ್ಲೋ ಒಲೆ ಹಚ್ಚುತ್ತಾರೆ. ನಾವು ತಿರುಗಿ ಬರುವ ಹೊತ್ತಿಗೆ ಅನ್ನ ಬಿಸಿಯಿರಬೇಕು. ಇಲ್ಲದಿದ್ದರೆ ನಮ್ಮ ಭಕ್ತಿ, ಜ್ಞಾನ ಎಲ್ಲ ಒಂದೇ ನಿಮಿಷಕ್ಕೆ ಮಾಯವಾಗಿ ಬರೀ ಹೊಟ್ಟೆ ಉಳಿಯುತ್ತದೆ.

ಹೈದರಾಬಾದಿನ ಮ್ಯೂಸಿಯಮ್ಮಿನಲ್ಲಿ ಗಂಟೆಗೊಮ್ಮೆ ಪುಟ್ಟ ಬೊಂಬೆ ಹೊರಗೆ ಬಂದು ಗಂಟೆ ಬಾರಿಸುವ ಗಡಿಯಾರವೊಂದಿದೆ. ಅದನ್ನು ನೋಡಿ ಬಂದು, ತಟ್ಟೆ ಹಿಡಿದು ನಿಂತೇ ವರ್ಣನೆ ಮಾಡಿದೆ. "ನೀವು ನೋಡ್ಬೇಕಿತ್ತು ಗೌರಕ್ಕ!"

"ಹೌದಾ ಸಾರ್," ಅಂದರು ಅವರು, ಸಾರು ಬಡಿಸುತ್ತಾ. "ಇಲ್ಲೀ ನೀರಲ್ಲಿ ಬೇಳೆ ಬೇಯಾದು ಭಾಳ ತಡ ಕಣಪ್ಪ."

ಅವರ ಭೂಗೋಳವೇ ಅದು. ಕನ್ಯಾಕುಮಾರಿ ಅಂದರೆ ಒಲೆ ಆರಿಸುವ ಗಾಳಿ. ಮೈಸೂರು ಅಂದರೆ ಒಳ್ಳೆ ಸೊಪ್ಪು. ದ್ವಾರಕೆ ಅಂದರೆ ಉಪ್ಪು ನೀರು. ನಾನು ನಗುತ್ತಿದ್ದೆ. ನನ್ನ ತಲೆಗೆ ಬೇರೇನೂ ಹೊಳೆಯುತ್ತಿರಲಿಲ್ಲ.

ದ್ವಾರಕೆಯಲ್ಲಿ ನಾವೆಲ್ಲ ದೋಣಿ ಹತ್ತಿ ಬೇಟ್ ದ್ವೀಪಕ್ಕೆ ಹೋಗಿ ಬಂದಾಗ ಮಾತ್ರ ಅವರು ಸೌಟು ಕೆಳಗಿಟ್ಟು ಕೇಳಿದರು. "ಸಾರ್, ನಿಜವಾಗ್ಲೂ ನಾಲ್ಕೂ ಕಡೆ ನೀರಿತ್ತಾ?"

ಯಾಕೆ ಅಂತ ಕೇಳಿದೆ. ಊರಿನ ತೆಲುಗು ಶಾಲೆಯಲ್ಲಿ, ನಾಲ್ಕನೇ ಕ್ಲಾಸಿನಲ್ಲಿ ಮಾಸ್ತರು ದ್ವೀಪ ಅಂದರೇನು ಎಂದು ಕೇಳಿದ್ದರಂತೆ. ಇಡೀ ಕ್ಲಾಸು ಸುಮ್ಮನಿದ್ದಾಗ ಈಕೆ ಒಬ್ಬಳೇ ಎದ್ದು, "ನಾಲುಗು ವೈಪುಲಾ ನೀಳ್ಳು ಉನ್ನ ಭೂಮಿ" ಅಂದಳಂತೆ, ನಾಲ್ಕೂ ಕಡೆ ನೀರಿರುವ ನೆಲ ಅಂತ. ಮಾಸ್ತರು ಬೆನ್ನು ತಟ್ಟಿದರು. ಮುಂದಿನ ವಾರ ಮನೆಯವರು ತಂಗಿಯನ್ನು ನೋಡಿಕೊಳ್ಳಲು ಶಾಲೆ ಬಿಡಿಸಿದರು.

"ಅದೊಂದೇ ಸಾರ್ ನಂಗೆ ಬರಾ ಓದು," ಅಂದರು. "ನಮ್ಮೂರಲ್ಲಿ ಎತ್ತ ನೋಡಿದ್ರೂ ಬಂಡೆ. ನಾಲ್ಕೂ ಕಡೆ ನೀರು ಹೆಂಗಿರ್ತದೆ ಅಂತ ಒಂದ್ಸಲ ನಿಂತ್ಕಂಡು ನೋಡ್ಬೇಕು ಅಂತ ಆಸೆ."

ನಾನು ಒಳ್ಳೆಯ ಮಾತು ಅಂದು ಕೈ ತೊಳೆದುಕೊಂಡೆ.

ಈ ವರ್ಷ ಮುರಳೀಕೃಷ್ಣ ಖಡಾಖಂಡಿತ ಹೇಳಿಬಿಟ್ಟ. ಬಸ್ಸಿನಲ್ಲಿ ಸಿಲಿಂಡರ್ ಇಟ್ಟುಕೊಂಡು ತಿರುಗುವ ತಲೆನೋವು ಸಾಕು, ಮುಂದಿನ ಟೂರಿನಿಂದ ಹೋಟೆಲ್ ಊಟ. ಗೌರಕ್ಕನಿಗೆ ಈ ಸಲದ ರಾಮೇಶ್ವರದ ಟೂರೇ ಕೊನೆಯ ಪ್ರಯಾಣ. ಹೊರಡುವ ದಿನ ಪಾತ್ರೆ ಏರಿಸುತ್ತಾ ಅವರು ಡ್ರೈವರ್ ತಿಪ್ಪೇಶನಿಗೆ ಹೇಳುತ್ತಿದ್ದರು. "ರಾಮೇಶ್ವರಕ್ಕೆ ಒಂಬತ್ತು ಸಲ ಹೋಗ್ಬುಟ್ಟೆ. ದ್ವೀಪ ಅನ್ನೋದು ಒಂದೂ ನೋಡ್ಲಿಲ್ಲ ನೋಡಪ್ಪ."

ನನ್ನ ಬಾಯಿ ಸುಮ್ಮನಿರುತ್ತದೆಯೇ? "ಅಯ್ಯೋ ಗೌರಕ್ಕ, ರಾಮೇಶ್ವರಾನೇ ದ್ವೀಪ!" ಅಂದುಬಿಟ್ಟೆ.

ಅವರು ಕೊಪ್ಪರಿಗೆ ಹಿಡಿದುಕೊಂಡೇ ನನ್ನನ್ನು ನೋಡಿದರು. "ಒಂಬತ್ತು ಸಲ ಅಲ್ಲಿ ಈರುಳ್ಳಿ ಹೆಚ್ಚಿದೀನಿ ಸಾರ್. ಒಬ್ಬರಾದ್ರೂ ಹೇಳ್ಬಾರ್ದಾ?"

ದೀಪದ ಬುಡದಲ್ಲಿ ಕತ್ತಲೆ. ಮೂವತ್ತೊಂದು ವರ್ಷ ದ್ವೀಪದ ಪಾಠ ಹೇಳಿದವನು ಎದುರಿಗಿದ್ದ ಒಬ್ಬ ಹೆಂಗಸಿಗೆ ಅಷ್ಟು ಹೇಳಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. ರಾಮೇಶ್ವರಕ್ಕೆ ಹೋಗುವಾಗ ಬಸ್ಸು ಸಮುದ್ರದ ಮೇಲಿನ ಪಾಂಬನ್ ಸೇತುವೆ ದಾಟುವುದು ಯಾವಾಗಲೂ ನಸುಕಿನಲ್ಲಿ, ಅವರು ಹಿಂದಿನ ಸೀಟಿನಲ್ಲಿ ಅಕ್ಕಿ ಮೂಟೆಗೆ ಒರಗಿ ನಿದ್ದೆಯಲ್ಲಿ. ವಾಪಸ್ ಬರುವುದು ಕತ್ತಲಾದ ಮೇಲೆ. ಈ ಸಲ ಎದ್ದು ಕಿಟಕಿಗೆ ಮುಖ ಒತ್ತಿಕೊಂಡೇ ಕೂತಿದ್ದರು. ಇಳಿದ ಮೇಲೆ ಹೇಳಿದರು: "ಕಪ್ಪಗಿತ್ತು. ನೀರೋ ನೆಲಾನೋ ಗೊತ್ತಾಗ್ಲಿಲ್ಲ."

ಬೆಳಿಗ್ಗೆ ಮಂಡಕ್ಕಿಯ ಉಗ್ಗಾನಿ ತಿಂದು ಎಲ್ಲರೂ ಧನುಷ್ಕೋಟಿಗೆ ಹೊರಟರು. ದ್ವೀಪದ ತುದಿ ಅದು. ನಾನು ಬಸ್ಸಿನ ಬಾಗಿಲಲ್ಲಿ ನಿಂತು ಹೇಳಿದೆ. "ಇವತ್ತು ನನ್ನ ಸೀಟಲ್ಲಿ ಗೌರಕ್ಕ ಕೂತ್ಕೋತಾರೆ. ಅಡುಗೆ ನಂದು."

ಬಸ್ಸೆಲ್ಲ ನಕ್ಕಿತು. "ಮನೇಲಿ ಒಂದು ಲೋಟ ಕಾಫಿ ಕಾಸ್ದೋರಲ್ಲ," ಅಂದಳು ವಾಣಿ. ನೀನೂ ಉಳಿದು ಸಹಾಯ ಮಾಡು ಅಂದರೆ, "ಒಲೆ ಮುಖ ನೋಡಬಾರ್ದು ಅಂತಾನೇ ನಾನು ಟೂರಿಗೆ ಬರೋದು," ಎಂದು ಗೌರಕ್ಕನ ಕೈ ಹಿಡಿದು ಹತ್ತಿಸಿಕೊಂಡಳು. ಗೌರಕ್ಕ ಮೂರು ಸಲ ಇಳಿದು ಬಂದರು. ಒಮ್ಮೆ ಅಕ್ಕಿ ಅಳೆದಿಟ್ಟರು, ಒಮ್ಮೆ ಕೊಪ್ಪರಿಗೆಯಲ್ಲಿ ನೀರು ಎಲ್ಲಿಯವರೆಗೆ ಅಂತ ಬೆರಳಿಟ್ಟು ತೋರಿಸಿದರು, ಕೊನೆಗೆ, "ಉರಿ ತಗ್ಸಾದು ಮರೀಬ್ಯಾಡಿ," ಅಂದರು.

ಮೂವತ್ತಾರು ಜನಕ್ಕೆ ಅನ್ನ ಮಾಡುವುದು ಏನು ಅಂತ ಅವತ್ತು ಗೊತ್ತಾಯಿತು. ಕಣ್ಣಲ್ಲಿ ನೀರು, ಕೈಗೆ ಬೊಬ್ಬೆ. ಸಮುದ್ರ ಕೂಗಳತೆಯಲ್ಲಿತ್ತು, ಒಂದು ಸಲವೂ ಆ ಕಡೆ ನೋಡಲಾಗಲಿಲ್ಲ. ಉರಿ ತಗ್ಗಿಸುವುದನ್ನು ಮರೆತೆ.

ಎರಡು ಗಂಟೆಗೆ ಬಸ್ಸು ಬಂತು. ಎಲ್ಲರಿಗಿಂತ ಮೊದಲು ಇಳಿದ ಗೌರಕ್ಕ ನೇರ ಕೊಪ್ಪರಿಗೆಗೆ ಕೈ ಹಾಕಲು ಬಂದರು. ಸೌಟು ಕೊಡಲಿಲ್ಲ ನಾನು. ಪಂಕ್ತಿಯಲ್ಲಿ ವಾಣಿಯ ಪಕ್ಕ ಕೂರಿಸಿ ಬಡಿಸಿದೆ. ಸೀದ ವಾಸನೆ ಎಲ್ಲರ ಮೂಗಿಗೂ ಬಡಿದಿತ್ತು.

ಅವರು ಅನ್ನ ಕಲಸುತ್ತಾ ಹೇಳಿದರು. "ನೀವು ನೋಡ್ಬೇಕಿತ್ತು ಸಾರ್."

ಆ ತುದಿಗೆ ನಾನು ನಾಲ್ಕು ಸಲ ಹೋಗಿದ್ದೇನೆ. ಅದನ್ನು ಹೇಳಹೊರಟವನು ನಾಲಿಗೆ ಕಚ್ಚಿಕೊಂಡೆ. "ಹೇಳಿ ಗೌರಕ್ಕ," ಅಂದೆ.

"ಎಡಕ್ಕೆ ನೀರು, ಅಲ್ಲಾಡ್ದಂಗೆ ಸುಮ್ಕೆ ಇತ್ತು. ಬಲಕ್ಕೆ ನೀರು, ಎಸರು ಕುದ್ದಂಗೆ ಕುದೀತಿತ್ತು. ಮುಂದಕ್ಕೆ ಕಣ್ಣು ಹೋಗೋಗಂಟ ನೀರೇ. ಅವತ್ತು ಮಾಸ್ತರ್ಗೆ ನಾನ್ ಹೇಳಿದ್ದು ಸರಿ ಸಾರ್. ಮೂರು ಕಡೇನೂ ನೋಡ್ದೆ."

"ನಾಲ್ಕನೇ ಕಡೆ?" ಅಂದೆ. ಮೇಷ್ಟ್ರ ಚಾಳಿ.

"ತಿರುಗಿ ನೋಡ್ದೆ. ನಾವ್ ಬಂದ ರಸ್ತೆ ಕಾಣುಸ್ತು. ನೀವು ಅಕ್ಕಿ ಹಾಕಿದ್ರೋ ಇಲ್ವೋ, ಉರಿ ತಗ್ಸಿದ್ರೋ ಇಲ್ವೋ, ಮನಸ್ಸೆಲ್ಲ ಅದೇ ಆಗೋಯ್ತು. ಬಂದು ಬಸ್ಸಲ್ಲಿ ಕೂತ್ಬುಟ್ಟೆ."

"ಐದು ನಿಮಿಷವೂ ನಿಲ್ಲಲಿಲ್ಲ," ಅಂದಳು ವಾಣಿ, ಮೆಲ್ಲಗೆ.

ಐವತ್ತು ವರ್ಷದಿಂದ ನೋಡಬೇಕೆಂದಿದ್ದ ನೀರು ಎದುರಿಗಿತ್ತು, ನಮ್ಮ ಹಾಳು ಹೊಟ್ಟೆ ಅವರನ್ನು ಅಲ್ಲೂ ಬಿಡಲಿಲ್ಲ. ಸೌಟು ಹಿಡಿದು ನಿಂತೇ ಇದ್ದೆ.

ಗೌರಕ್ಕ ತಟ್ಟೆ ಮುಂದೆ ಚಾಚಿದರು. "ಇನ್ನೊಂದೀಟು ಇಕ್ಕಿ ಸಾರ್. ಅಡೀಲಿ ಸೀದಿರಾದ್ನೇ ಇಕ್ಕಿ, ಬೇರೇರು ತಿನ್ನಾಕಿಲ್ಲ."